‘ನಿನ್ನೆ ಮಾರ್ಕೆಟ್ಟಿಗೆ ಹೋಗಿದ್ದೆ’: ಫ್ರೆಂಚಿನಲ್ಲಿ ಇದು ಯಾವ ಕಾಲ?

ಪ್ರಶ್ನೆ: ನಾನು ಫ್ರೆಂಚ್ ಭಾಷೆಯ ಡೆಲ್ಫ್ ಬಿ1 ಪರೀಕ್ಷೆಗೆ ಓದುತ್ತಿದ್ದೇನೆ. ಪ್ಲ್ಯೂಸ್-ಕ-ಪರ್ಫೆ ಎಂಬ ಭೂತಕಾಲದ ಪಾಠ ಶುರುವಾದಾಗಿನಿಂದ ಎಲ್ಲಾ ಗೊಂದಲ. ‘ಸೋರ್ತೀರ್’ ಕ್ರಿಯಾಪದವನ್ನು ಈ ಕಾಲದಲ್ಲಿ ಬರೆಯಿರಿ ಅಂದರೆ ಒಂದು ಕಡೆ ‘ಜೆತೆ ಸೋರ್ತಿ’ ಅಂತಿದೆ, ಇನ್ನೊಂದು ಕಡೆ ‘ಜಾವೆ ಸೋರ್ತಿ’ ಅಂತಿದೆ. ಯಾವುದು ಸರಿ? ಇನ್ನೊಂದು ವಿಷಯ. ‘ನಿನ್ನೆ ಮಾರ್ಕೆಟ್ಟಿಗೆ ಹೋಗಿದ್ದೆ’ ಅನ್ನುವುದನ್ನು ‘ಇಯೆರ್, ಜೆತೆ ಅಲೆ ಒ ಮಾರ್ಶೆ’ ಎಂದು ಬರೆದೆ. ಟೀಚರ್ ಕೆಂಪು ಗೆರೆ ಎಳೆದಿದ್ದಾರೆ. ‘ಹೋಗಿದ್ದೆ’ ಅಂದರೆ ಪ್ಲ್ಯೂಸ್-ಕ-ಪರ್ಫೆಯೇ ಅಲ್ವಾ? ನಾನು ಬರೆದ ನಾಲ್ಕು ವಾಕ್ಯಗಳನ್ನು ಕೆಳಗೆ ಕೊಟ್ಟಿದ್ದೇನೆ, ತಿದ್ದಿಕೊಡಿ.

ಉತ್ತರ: ನಿಮ್ಮ ಎರಡನೇ ಪ್ರಶ್ನೆ ಓದಿ ನನಗೆ ತುಂಬಾ ಖುಷಿಯಾಯಿತು. ಕನ್ನಡ ಮನೆಮಾತಾಗಿರುವವರೆಲ್ಲ ಈ ಪಾಠದಲ್ಲಿ ಎಡವುವುದು ಇದೇ ಜಾಗದಲ್ಲಿ. ಆದರೆ ಪುಸ್ತಕಗಳು ಇದನ್ನು ಹೇಳುವುದಿಲ್ಲ, ಯಾಕೆಂದರೆ ಅವು ಕನ್ನಡದವರಿಗಾಗಿ ಬರೆದ ಪುಸ್ತಕಗಳಲ್ಲ. ನಾವು ಫ್ರೆಂಚನ್ನು ಇಂಗ್ಲಿಷಿನ ಮೂಲಕ ಕಲಿಯುತ್ತೇವೆ. ಈ ಒಂದು ಕಾಲದ ಮಟ್ಟಿಗೆ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಿಂದಲೇ ಹೊರಟರೆ ದಾರಿ ಸಲೀಸು. ಒಂದು ಕಡೆ ಮಾತ್ರ ಕನ್ನಡ ನಮ್ಮನ್ನು ಹಳ್ಳಕ್ಕೆ ಇಳಿಸುತ್ತದೆ. ನೀವು ಬಿದ್ದಿರುವುದು ಅಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಫ್ರೆಂಚ್ ಮಾತುಗಳನ್ನು ಉಚ್ಚಾರಕ್ಕೆ ಹತ್ತಿರವಾಗುವಂತೆ ಕನ್ನಡದಲ್ಲಿ ಬರೆದಿದ್ದೇನೆ. ಸ್ಪೆಲ್ಲಿಂಗ್ ಮುಖ್ಯವಾದ ಕಡೆ ಅಕ್ಷರ ಬಿಡಿಸಿ ಹೇಳುತ್ತೇನೆ. ನಮ್ಮ ಲಿಪಿಗೆ ಸಿಗದ ಸ್ವರ ಒಂದಿದೆ. ‘ವ್ಯು’, ‘ತ್ಯು’ ಎಂದು ನಾನು ಬರೆದ ಕಡೆಯೆಲ್ಲ ತುಟಿಯನ್ನು ‘ಊ’ ಹೇಳುವ ಹಾಗೆ ಇಟ್ಟುಕೊಂಡು ನಾಲಿಗೆಯಲ್ಲಿ ‘ಈ’ ಹೇಳಿ.

ಮೊದಲು ಕಾಲದ ಹೆಸರು. ‘ಪರ್ಫೆ’ ಅಂದರೆ ವ್ಯಾಕರಣದಲ್ಲಿ ಮುಗಿದದ್ದು. ‘ಪ್ಲ್ಯೂಸ್-ಕ’ ಅಂದರೆ ‘ಅದಕ್ಕಿಂತ ಜಾಸ್ತಿ’. ಲ್ಯಾಟಿನ್ ವ್ಯಾಕರಣದಿಂದ ಬಂದ ಹೆಸರು ಇದು. ಮುಗಿದದ್ದಕ್ಕಿಂತಲೂ ಮೊದಲೇ ಮುಗಿದದ್ದು. ಇನ್ನೊಂದು ಹಳೆಯ ಘಟನೆಯ ಹಿಂದೆ ನಿಂತಿರುವ ಘಟನೆ ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹೆಸರಿನಲ್ಲೇ ‘ಅದಕ್ಕಿಂತ’ ಇದೆ ಅನ್ನುವುದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಈಗ ಕನ್ನಡದಲ್ಲಿ ನಾವು ಇದನ್ನು ಹೇಗೆ ಕಟ್ಟುತ್ತೇವೆ ನೋಡಿ. ಬಂದು + ಇದ್ದೆ = ಬಂದಿದ್ದೆ. ಮಾಡಿ + ಇದ್ದಳು = ಮಾಡಿದ್ದಳು. ಕೊಟ್ಟು + ಇದ್ದರು = ಕೊಟ್ಟಿದ್ದರು. ಮುಖ್ಯ ಕ್ರಿಯಾಪದ ‘ಬಂದು, ಮಾಡಿ, ಕೊಟ್ಟು’ ಎಂಬ ರೂಪದಲ್ಲಿ ಗಟ್ಟಿಯಾಗಿ ಕೂತಿದೆ. ಯಾರು, ಎಷ್ಟು ಜನ ಅನ್ನುವುದನ್ನೆಲ್ಲ ‘ಇರು’ ಹೊತ್ತುಕೊಂಡಿದೆ. ಆ ‘ಇರು’ ಭೂತಕಾಲದಲ್ಲಿದೆ. ಫ್ರೆಂಚ್ ಕೂಡ ಅಕ್ಷರಶಃ ಇದನ್ನೇ ಮಾಡುತ್ತದೆ. ಸಹಾಯಕ ಕ್ರಿಯಾಪದವನ್ನು ‘ಆಂಪರ್ಫೆ’ ಎಂಬ ಭೂತಕಾಲದಲ್ಲಿ ಇಡುತ್ತದೆ, ಅದರ ಪಕ್ಕ ಮುಖ್ಯ ಕ್ರಿಯಾಪದದ ‘ಪಾರ್ತಿಸಿಪ್ ಪಾಸೆ’ ರೂಪವನ್ನು ಇಡುತ್ತದೆ. ಕನ್ನಡದಲ್ಲಿ ‘ಇದ್ದೆ’ ಕೊನೆಗೆ ಬರುತ್ತದೆ, ಫ್ರೆಂಚಿನಲ್ಲಿ ಮೊದಲು ಬರುತ್ತದೆ.

ನೀವು ಕೇಳಿದ ಸೋರ್ತೀರ್ ಕ್ರಿಯಾಪದವನ್ನೇ ತೆಗೆದುಕೊಳ್ಳೋಣ. ‘ಹೊರಗೆ ಹೋಗು’ ಎಂಬ ಅರ್ಥದಲ್ಲಿ ಹೀಗೆ:

ಜೆತೆ ಸೋರ್ತಿ – ನಾನು ಹೊರಗೆ ಹೋಗಿದ್ದೆ
ತ್ಯು ಎತೆ ಸೋರ್ತಿ – ನೀನು ಹೊರಗೆ ಹೋಗಿದ್ದೆ
ಇಲ್ ಎತೆ ಸೋರ್ತಿ – ಅವನು ಹೊರಗೆ ಹೋಗಿದ್ದ
ಎಲ್ ಎತೆ ಸೋರ್ತಿ – ಅವಳು ಹೊರಗೆ ಹೋಗಿದ್ದಳು
ನೂಜೆತ್ಯೋಂ ಸೋರ್ತಿ – ನಾವು ಹೊರಗೆ ಹೋಗಿದ್ದೆವು
ವೂಜೆತ್ಯೆ ಸೋರ್ತಿ – ನೀವು ಹೊರಗೆ ಹೋಗಿದ್ದಿರಿ
ಇಲ್ಜೆತೆ ಸೋರ್ತಿ – ಅವರು ಹೊರಗೆ ಹೋಗಿದ್ದರು

ಇಲ್ಲಿ ಸಹಾಯಕ್ಕೆ ಬಂದಿರುವುದು ‘ಎತ್ರ್’, ಅಂದರೆ ನಮ್ಮ ‘ಇರು’. ಕಿವಿಗೆ ಬೀಳುವುದು ಮೂರೇ ಬಗೆ: ಎತೆ, ಎತ್ಯೋಂ, ಎತ್ಯೆ. ಬರೆಯುವಾಗ ಮಾತ್ರ ಹುಷಾರು. ‘ನಾನು’ ಮತ್ತು ‘ನೀನು’ ಬಂದರೆ ಕೊನೆಗೆ ಎ-ಐ-ಎಸ್. ‘ಅವನು, ಅವಳು’ ಬಂದರೆ ಎ-ಐ-ಟಿ. ‘ಅವರು’ ಬಂದರೆ ಎ-ಐ-ಇ-ಎನ್-ಟಿ. ಉಚ್ಚಾರ ಒಂದೇ, ಕೈಬರಹ ಮೂರು. ಇದರಲ್ಲಿ ತಪ್ಪು ಮಾಡದವರು ಫ್ರೆಂಚರಲ್ಲೂ ಕಡಿಮೆ.

ಇನ್ನೊಂದು ಸಹಾಯಕ ಕ್ರಿಯಾಪದ ‘ಅವ್ವಾರ್’, ಇಂಗ್ಲಿಷಿನ ‘ಹ್ಯಾವ್’ ಇದ್ದ ಹಾಗೆ. ಅದರ ರೂಪಗಳು ಜಾವೆ, ತ್ಯು ಅವೆ, ಇಲ್ ಅವೆ, ನೂಜಾವ್ಯೋಂ, ವೂಜಾವ್ಯೆ, ಇಲ್ಜಾವೆ. ಕೊನೆಯ ಅಕ್ಷರಗಳು ಮೇಲೆ ಹೇಳಿದವೇ. ‘ಫಿನೀರ್’, ಅಂದರೆ ಮುಗಿಸು: ಜಾವೆ ಫಿನಿ, ಮುಗಿಸಿದ್ದೆ. ‘ಮಾಂಜೆ’, ಅಂದರೆ ತಿನ್ನು: ನೂಜಾವ್ಯೋಂ ಮಾಂಜೆ, ತಿಂದಿದ್ದೆವು.

ಕನ್ನಡದವರಿಗೆ ಮೊದಲ ಕಷ್ಟ ಇಲ್ಲೇ ಬರುತ್ತದೆ. ನಮ್ಮ ಭಾಷೆಯಲ್ಲಿ ‘ಇರು’ ಒಂದೇ ಸಾಕು. ‘ಅವ್ವಾರ್’ ಅನ್ನುವುದಕ್ಕೆ ನಮ್ಮಲ್ಲಿ ಸರಿಯಾದ ಕ್ರಿಯಾಪದವೇ ಇಲ್ಲ. ‘ನನ್ನ ಹತ್ತಿರ ಪುಸ್ತಕ ಇದೆ’ ಅನ್ನುತ್ತೇವೆ, ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಅನ್ನುತ್ತೇವೆ. ಎಲ್ಲದಕ್ಕೂ ಇರು, ಇರು, ಇರು. ಅದಕ್ಕೇ ನಮ್ಮ ಮಕ್ಕಳು ಕಲಿಯುವ ಹೊಸತರಲ್ಲಿ ಎಲ್ಲದಕ್ಕೂ ‘ಎತ್ರ್’ ಹಾಕಿಬಿಡುತ್ತಾರೆ. ಫ್ರೆಂಚಿನಲ್ಲಿ ಬಹುಪಾಲು ಕ್ರಿಯಾಪದಗಳು ಅವ್ವಾರ್ ಕಡೆಗೆ. ಎತ್ರ್ ಕಡೆ ಇರುವವು ಹದಿನೈದು ಹದಿನಾರು ಬಿಡಿ ಪದಗಳು, ಜೊತೆಗೆ ‘ಸ’ (ತನ್ನನ್ನು ತಾನೇ) ಸೇರಿದ ಎಲ್ಲಾ ಕ್ರಿಯಾಪದಗಳು.

ಫ್ರೆಂಚ್ ತರಗತಿಗಳಲ್ಲಿ ಆ ಹದಿನೈದನ್ನು ನೆನಪಿಡಲು ಒಂದು ಮನೆಯ ಚಿತ್ರ ಬರೆಯುತ್ತಾರೆ. ಬಾಗಿಲಲ್ಲಿ ಒಬ್ಬ ಒಳಗೆ ಬರುತ್ತಿದ್ದಾನೆ, ಒಬ್ಬ ಹೊರಗೆ ಹೋಗುತ್ತಿದ್ದಾನೆ. ಮೆಟ್ಟಿಲಲ್ಲಿ ಒಬ್ಬ ಹತ್ತುತ್ತಿದ್ದಾನೆ, ಒಬ್ಬ ಇಳಿಯುತ್ತಿದ್ದಾನೆ. ಇನ್ನೊಬ್ಬ ಮೆಟ್ಟಿಲಿಂದ ಬೀಳುತ್ತಿದ್ದಾನೆ. ಒಂದು ಕೋಣೆಯಲ್ಲಿ ಮಗು ಹುಟ್ಟುತ್ತಿದೆ, ಮತ್ತೊಂದರಲ್ಲಿ ಮುದುಕರು ಸಾಯುತ್ತಿದ್ದಾರೆ. ಒಬ್ಬ ಮನೆಯಲ್ಲೇ ಉಳಿದಿದ್ದಾನೆ. ನೀವೇ ಒಂದು ಹಾಳೆಯಲ್ಲಿ ಈ ಚಿತ್ರ ಬರೆದು ಹೆಸರು ಹಾಕಿ: ಅಲೆ, ವನೀರ್, ಅರಿವೆ, ಪಾರ್ತೀರ್, ಆಂತ್ರೆ, ಸೋರ್ತೀರ್, ಮೋಂತೆ, ದೆಸಾಂದ್ರ್, ತೋಂಬೆ, ರೆಸ್ತೆ, ನೆತ್ರ್, ಮೂರೀರ್, ಪಾಸೆ, ರತೂರ್ನೆ. ಇವುಗಳಿಂದ ಹುಟ್ಟಿದ ರಾಂತ್ರೆ, ರವನೀರ್, ದವನೀರ್ ಕೂಡ ಅದೇ ಮನೆಯವು. ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಕೈಯಿಂದ ಬರೆದ ಚಿತ್ರ ಜಾಸ್ತಿ ದಿನ ತಲೆಯಲ್ಲಿ ಉಳಿಯುತ್ತದೆ.

‘ಓಡಾಡುವ ಕ್ರಿಯಾಪದಕ್ಕೆಲ್ಲ ಎತ್ರ್’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಓಡು, ನಡೆ, ಈಜು, ಪ್ರಯಾಣ ಮಾಡು, ಇವೆಲ್ಲ ಅವ್ವಾರ್ ಜೊತೆಗೇ: ಜಾವೆ ಕೂರ್ಯು, ಜಾವೆ ಮಾರ್ಶೆ, ಜಾವೆ ನಾಜೆ, ಜಾವೆ ವ್ವಾಯಾಜೆ. ‘ಎತ್ರ್’ ಕೂಡ ತನಗೆ ಅವ್ವಾರ್‌ ಅನ್ನೇ ಕರೆದುಕೊಳ್ಳುತ್ತದೆ: ಜಾವೆ ಎತೆ.

ಈಗ ನಿಮ್ಮ ಮೊದಲ ಪ್ರಶ್ನೆ. ಜೆತೆ ಸೋರ್ತಿ ಸರಿಯೋ, ಜಾವೆ ಸೋರ್ತಿ ಸರಿಯೋ? ಎರಡೂ ಸರಿ. ಅರ್ಥ ಬೇರೆ. ನಾನೇ ಹೊರಗೆ ಹೋದರೆ ಎತ್ರ್: ಜೆತೆ ಸೋರ್ತಿ. ನಾನು ಏನನ್ನಾದರೂ ಹೊರಗೆ ತೆಗೆದರೆ ಅವ್ವಾರ್: ಜಾವೆ ಸೋರ್ತಿ ಮೋಂ ಪಾಸ್ಪೋರ್, ಪಾಸ್‌ಪೋರ್ಟ್ ಹೊರಗೆ ತೆಗೆದಿದ್ದೆ. ಜಾವೆ ಸೋರ್ತಿ ಲ ಶ್ಯಾಂ, ನಾಯಿಯನ್ನು ಹೊರಗೆ ಕರೆದುಕೊಂಡು ಹೋಗಿದ್ದೆ. ‘ಏನನ್ನು?’ ಎಂದು ಕೇಳಿದಾಗ ಉತ್ತರ ಸಿಕ್ಕರೆ ಅವ್ವಾರ್.

ಮನೆಯ ಪಟ್ಟಿಯಲ್ಲಿ ಹೀಗೆ ಎರಡೂ ಕಡೆ ಹೋಗುವವು ಆರು: ಸೋರ್ತೀರ್, ಮೋಂತೆ, ದೆಸಾಂದ್ರ್, ರಾಂತ್ರೆ, ರತೂರ್ನೆ, ಪಾಸೆ. ಇಲ್ಲಿ ನಮ್ಮ ಕನ್ನಡ ಚೆಂದದ ಸಹಾಯ ಮಾಡುತ್ತದೆ. ನಾವು ‘ಇಳಿ’ಯನ್ನು ‘ಇಳಿಸು’ ಮಾಡುತ್ತೇವೆ. ‘ಇಳಿದಿದ್ದ’ ಅಂದರೆ ಇಲ್ ಎತೆ ದೆಸಾಂದ್ಯು. ‘ಸೂಟ್‌ಕೇಸ್ ಇಳಿಸಿದ್ದ’ ಅಂದರೆ ಇಲ್ ಅವೆ ದೆಸಾಂದ್ಯು ಲಾ ವಾಲೀಜ್. ನಾವು ‘ಇಸು’ ಅಂಟಿಸಿ ಹೇಳುವುದನ್ನು ಅವರು ಸಹಾಯಕ ಕ್ರಿಯಾಪದ ಬದಲಿಸಿ ಹೇಳುತ್ತಾರೆ. ಆದರೆ ‘ಇಸು’ ಒಂದನ್ನೇ ನಂಬಿಕೊಂಡು ಕೂರಬೇಡಿ. ‘ಮೆಟ್ಟಿಲು ಇಳಿದಿದ್ದ’ ಅನ್ನುವಾಗ ಕನ್ನಡದಲ್ಲಿ ‘ಇಸು’ ಇಲ್ಲ, ಆದರೂ ಫ್ರೆಂಚಿನಲ್ಲಿ ಅವ್ವಾರ್: ಇಲ್ ಅವೆ ದೆಸಾಂದ್ಯು ಲೆಸ್ಕಾಲಿಯೆ. ‘ಏನನ್ನು ಇಳಿದ? ಮೆಟ್ಟಿಲನ್ನು.’ ಆ ಪ್ರಶ್ನೆಯೇ ಕೊನೆಯ ಮಾತು.

ಪಾಸೆ ಬಗ್ಗೆ ಒಂದು ಮಾತು, ಪರೀಕ್ಷೆ ಹತ್ತಿರ ಇರುವುದರಿಂದ. ‘ಜಾವೆ ಪಾಸೆ ಲೆಗ್ಜಾಮ್ಯಾಂ’ ಅಂದರೆ ಪರೀಕ್ಷೆ ಪಾಸಾಗಿದ್ದೆ ಅಂತಲ್ಲ, ಪರೀಕ್ಷೆ ಬರೆದಿದ್ದೆ ಅಂತ. ಪಾಸಾಗುವುದಕ್ಕೆ ‘ರೆಯ್ಯುಸೀರ್’ ಬೇಕು.

ಪಾರ್ತಿಸಿಪ್ ಪಾಸೆ ರೂಪಗಳ ಬಗ್ಗೆ ಇಲ್ಲಿ ಜಾಸ್ತಿ ಹೇಳುವುದಿಲ್ಲ. ಮುಗಿದ ಘಟನೆ ಹೇಳುವ ‘ಪಾಸೆ ಕೊಂಪೋಜೆ’ ಕಾಲ ಕಲಿಯುವಾಗ ನೀವು ಅವನ್ನೆಲ್ಲ ಕಲಿತಾಗಿದೆ, ಅವೇ ಇಲ್ಲೂ ಬರುತ್ತವೆ. ‘ಇ-ಆರ್’ ಗುಂಪಿನವು ಗೀಟು ಹಾಕಿದ ‘ಇ’ ಅಕ್ಷರಕ್ಕೆ ತಿರುಗುತ್ತವೆ. ‘ಐ-ಆರ್’ ಗುಂಪಿನ ಬಹುಪಾಲು ‘ಐ’ಗೆ, ‘ಆರ್-ಇ’ ಗುಂಪಿನ ಬಹುಪಾಲು ‘ಯು’ಗೆ. ಉಳಿದ ಹಟಮಾರಿಗಳು: ಫೆರ್–ಫೆ, ದೀರ್–ದಿ, ಪ್ರಾಂದ್ರ್–ಪ್ರಿ, ಮೆತ್ರ್–ಮಿ, ವ್ವಾರ್–ವ್ಯು, ಲೀರ್–ಲ್ಯು, ಸವ್ವಾರ್–ಸ್ಯು, ಊವ್ರೀರ್–ಊವೆರ್, ಮೂರೀರ್–ಮೋರ್, ನೆತ್ರ್–ನೆ. ಇದು ಅನ್ಯಾಯ ಅನ್ನಿಸಿದರೆ ಕನ್ನಡ ಕಲಿಯುವವರ ಪಾಡು ನೆನೆಸಿಕೊಳ್ಳಿ. ಮಾಡು–ಮಾಡಿ, ನೋಡು–ನೋಡಿ ಎಂದು ಕಲಿತ ಮೇಲೆ ಬರು–ಬಂದು, ತಿನ್ನು–ತಿಂದು, ಕೊಡು–ಕೊಟ್ಟು, ಬೀಳು–ಬಿದ್ದು ಎಂದು ಹೇಳಿಕೊಡಬೇಕು. ನಾವು ಇವನ್ನೆಲ್ಲ ಕೇಳಿ ಕೇಳಿ ಕಲಿತೆವು. ಫ್ರೆಂಚನ್ನೂ ಹಾಗೇ ಜೋರಾಗಿ ಓದಿ ಕಲಿಯುವುದು ಒಳ್ಳೆಯದು.

ಲಿಂಗ ವಚನದ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ, ಬರವಣಿಗೆಯಲ್ಲಿ ಅಂಕ ಹೋಗುವುದು ಇಲ್ಲಿ. ಕನ್ನಡದಲ್ಲಿ ‘ಬಂದು’ ಯಾವತ್ತೂ ‘ಬಂದು’. ಅವಳು ಬಂದರೂ, ಅವರು ಬಂದರೂ ‘ಇದ್ದಳು, ಇದ್ದರು’ ಮಾತ್ರ ಬದಲಾಗುತ್ತದೆ. ಫ್ರೆಂಚಿನಲ್ಲಿ ಎತ್ರ್ ಜೊತೆ ಬಂದಾಗ ಎರಡೂ ಬದಲಾಗುತ್ತವೆ. ‘ಎಲ್ ಎತೆ ಸೋರ್ತಿ’ ಎಂದು ಬರೆಯುವಾಗ ಸೋರ್ತಿಗೆ ಕೊನೆಯಲ್ಲಿ ಒಂದು ‘ಇ’ ಅಕ್ಷರ ಸೇರಬೇಕು. ಹಲವು ಹೆಂಗಸರಾದರೆ ‘ಇ-ಎಸ್’, ಹಲವು ಗಂಡಸರಾದರೆ ಅಥವಾ ಇಬ್ಬರೂ ಸೇರಿದ್ದರೆ ಬರೀ ‘ಎಸ್’. ನೀವು ಹೆಣ್ಣುಮಗಳಾದರೆ ‘ಜೆತೆ ಸೋರ್ತಿ’ ಬರೆಯುವಾಗಲೂ ಆ ‘ಇ’ ಬೇಕು. ‘ವೂ’ ಅನ್ನುವುದು ನಮ್ಮ ‘ನೀವು’ ಇದ್ದ ಹಾಗೆ. ಗೌರವಕ್ಕೂ ಅದೇ, ಬಹುವಚನಕ್ಕೂ ಅದೇ. ಎತ್ಯೆ ಎರಡಕ್ಕೂ ಒಂದೇ, ಆದರೆ ಪಕ್ಕದ ಪದ ನಿಜವಾಗಿ ಎಷ್ಟು ಜನ ಅನ್ನುವುದನ್ನು ನೋಡುತ್ತದೆ. ಒಬ್ಬ ಹಿರಿಯರನ್ನು ಮಾತಾಡಿಸುತ್ತಿದ್ದರೆ ‘ಎಸ್’ ಬೇಡ.

ಅವ್ವಾರ್ ಜೊತೆ ಬಂದಾಗ ಸಾಮಾನ್ಯವಾಗಿ ಏನೂ ಸೇರುವುದಿಲ್ಲ. ಎಲ್ ಅವೆ ಫಿನಿ, ಅಷ್ಟೇ. ಆದರೆ ‘ಏನನ್ನು’ ಅನ್ನುವುದು ಕ್ರಿಯಾಪದಕ್ಕಿಂತ ಮುಂಚೆ ಬಂದುಬಿಟ್ಟರೆ ಪಾರ್ತಿಸಿಪ್ ಅದನ್ನು ಅನುಸರಿಸುತ್ತದೆ. ‘ಜಾವೆ ಎಕ್ರಿ ಲೆ ಲೆತ್ರ್’, ಪತ್ರಗಳನ್ನು ಬರೆದಿದ್ದೆ. ಇಲ್ಲಿ ಬದಲಾವಣೆ ಇಲ್ಲ. ‘ಲೆ ಲೆತ್ರ್ ಕ ಜಾವೆ ಎಕ್ರಿತ್’, ನಾನು ಬರೆದಿದ್ದ ಪತ್ರಗಳು. ಪತ್ರ ಅಲ್ಲಿ ಸ್ತ್ರೀಲಿಂಗ, ಬಹುವಚನ, ಅದಕ್ಕೆ ‘ಇ-ಎಸ್’ ಸೇರಿತು, ‘ತ್’ ಕೂಡ ಕಿವಿಗೆ ಕೇಳಿಸಿತು. 16ನೇ ಶತಮಾನದ ಕವಿ ಕ್ಲೆಮಾಂ ಮಾರೊ 1538ರಲ್ಲಿ ಇಟಾಲಿಯನ್ ಭಾಷೆಯನ್ನು ತೋರಿಸಿ ಈ ಪದ್ಧತಿಯ ಪರ ಮಾತಾಡಿದ. ಅಂದಿನಿಂದ ಇಂದಿನವರೆಗೂ ಶಾಲಾ ಮಕ್ಕಳು ಇದರೊಡನೆ ಗುದ್ದಾಡುತ್ತಲೇ ಇದ್ದಾರೆ. 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಅಧ್ಯಾಪಕರು ‘ಅವ್ವಾರ್ ಜೊತೆಗಿನ ಈ ನಿಯಮವನ್ನು ಕೈಬಿಡೋಣ’ ಎಂದು ಪತ್ರಿಕೆಯಲ್ಲಿ ಬರೆದಾಗ ದೊಡ್ಡ ಚರ್ಚೆಯೇ ಆಯಿತು. ನಿಯಮ ಇನ್ನೂ ಇದೆ, ಹಾಗಾಗಿ ಕಲಿಯಲೇಬೇಕು.

‘ಸ’ ಸೇರಿದವುಗಳಿಗೆ ಒಂದೇ ಉದಾಹರಣೆ ಸಾಕು. ಏಳು ಅನ್ನುವುದಕ್ಕೆ ‘ಸ ಲವೆ’: ಜ ಮೆತೆ ಲವೆ, ತ್ಯು ತೆತೆ ಲವೆ, ಎಲ್ ಸೆತೆ ಲವೆ. ‘ಇಲ್ಲ’ ಹೇಳುವಾಗ ‘ನ’ ಮತ್ತು ‘ಪಾ’ ಸಹಾಯಕ ಕ್ರಿಯಾಪದವನ್ನು ಮಾತ್ರ ತಬ್ಬಿಕೊಳ್ಳುತ್ತವೆ: ಜ ನಾವೆ ಪಾ ಫಿನಿ, ಮುಗಿಸಿರಲಿಲ್ಲ. ಕನ್ನಡದಲ್ಲೂ ‘ಇಲ್ಲ’ ಹೋಗಿ ಸೇರುವುದು ‘ಇರು’ಗೇ, ಮುಗಿಸಿ + ಇರಲಿಲ್ಲ. ‘ಆಗಲೇ’ ಅನ್ನುವ ‘ದೆಜಾ’ ಎರಡರ ನಡುವೆ ಕೂರುತ್ತದೆ: ಜಾವೆ ದೆಜಾ ಮಾಂಜೆ.

ಕಟ್ಟುವ ಕೆಲಸ ಇಲ್ಲಿಗೆ ಮುಗಿಯಿತು. ಇನ್ನು ಎಲ್ಲಿ ಬಳಸಬೇಕು ಅನ್ನುವುದು. ನನಗೆ ತುಂಬಾ ಇಷ್ಟವಾದ ಉದಾಹರಣೆ ರೈಲಿನದು. ‘ಕಾಂ ಜ ಸ್ವಿ ಅರಿವೆ ಆ ಲಾ ಗಾರ್’, ನಾನು ಸ್ಟೇಷನ್ನಿಗೆ ಬಂದಾಗ. ಮುಂದೆ ಮೂರು ಬಗೆ ಹೇಳಬಹುದು.

ಲ ತ್ರ್ಯಾಂ ಪಾರ್ತೆ – ರೈಲು ಹೊರಡುತ್ತಿತ್ತು.
ಲ ತ್ರ್ಯಾಂ ಎ ಪಾರ್ತಿ – ರೈಲು ಹೊರಟಿತು.
ಲ ತ್ರ್ಯಾಂ ಎತೆ ಪಾರ್ತಿ – ರೈಲು ಹೊರಟಿತ್ತು.

ಮೊದಲನೆಯದರಲ್ಲಿ ಓಡಿದರೆ ಹತ್ತಬಹುದು. ಎರಡನೆಯದರಲ್ಲಿ ನಾನು ಬಂದೆ, ಅದು ಹೊರಟಿತು, ಕಣ್ಣೆದುರೇ. ಮೂರನೆಯದರಲ್ಲಿ ಪ್ಲಾಟ್‌ಫಾರ್ಮ್ ಖಾಲಿ. ‘ಹೊರಟಿತು’, ‘ಹೊರಟಿತ್ತು’ ಎರಡನ್ನೂ ಜೋರಾಗಿ ಹೇಳಿ ನೋಡಿ. ನಡುವೆ ಇರುವುದು ಒಂದೇ ಒಂದು ‘ತ’ ಒತ್ತು. ಆ ಒತ್ತಿನಲ್ಲಿ ರೈಲು ತಪ್ಪಿಹೋಗುತ್ತದೆ. ಚಿಕ್ಕ ಮಗುವಿಗೂ ಇದು ಕೇಳಿಸುತ್ತದೆ. ಫ್ರೆಂಚಿನಲ್ಲಿ ಅದೇ ಕೆಲಸವನ್ನು ‘ಎ’ ಮತ್ತು ‘ಎತೆ’ ಮಾಡುತ್ತವೆ. ಈ ವ್ಯತ್ಯಾಸ ಬಲ್ಲ ಕಿವಿ ನಿಮ್ಮದು, ಅದನ್ನು ನಂಬಿ.

‘ಆಗಷ್ಟೇ ಹೊರಟಿತ್ತು’ ಅನ್ನಬೇಕಾದರೆ ಮಾತ್ರ ಈ ಕಾಲ ಬೇಡ. ಅದಕ್ಕೆ ಬೇರೆಯೇ ಮಾತಿದೆ: ಲ ತ್ರ್ಯಾಂ ವನೆ ದ ಪಾರ್ತೀರ್.

ಈಗ ನೀವು ಬಿದ್ದ ಹಳ್ಳ. ಕನ್ನಡದಲ್ಲಿ ‘ಇದ್ದೆ’ಗೆ ಇನ್ನೊಂದು ಕೆಲಸವೂ ಇದೆ. ‘ನಿನ್ನೆ ಮಾರ್ಕೆಟ್ಟಿಗೆ ಹೋಗಿದ್ದೆ’ ಅಂದಾಗ ನಾವು ಯಾವುದಕ್ಕೂ ‘ಮುಂಚೆ’ ಎಂದು ಹೇಳುತ್ತಿಲ್ಲ. ಹೋದೆ, ಕೆಲಸ ಆಯಿತು, ವಾಪಸ್ ಬಂದೆ, ಆ ಅಧ್ಯಾಯ ಮುಗಿಯಿತು ಎಂದು ಹೇಳುತ್ತಿದ್ದೇವೆ. ‘ನಿಮ್ಮ ಸ್ನೇಹಿತರು ಬಂದಿದ್ದಾರೆ’ ಅಂದರೆ ಇನ್ನೂ ಜಗಲಿಯಲ್ಲಿ ಕೂತಿದ್ದಾರೆ. ‘ಬಂದಿದ್ದರು’ ಅಂದರೆ ಹೊರಟುಹೋದರು. ಎಷ್ಟು ಸೊಗಸಾದ ವ್ಯವಸ್ಥೆ ಇದು! ಆದರೆ ಫ್ರೆಂಚಿನ ಪ್ಲ್ಯೂಸ್-ಕ-ಪರ್ಫೆಗೆ ಈ ಕೆಲಸ ಇಲ್ಲ. ಮುಗಿದು ಹಿಂದೆ ಬಿಟ್ಟ ಘಟನೆಗೆ ಅವರು ಪಾಸೆ ಕೊಂಪೋಜೆ ಬಳಸುತ್ತಾರೆ: ಇಯೆರ್, ಜ ಸ್ವಿ ಅಲೆ ಒ ಮಾರ್ಶೆ. ಸ್ನೇಹಿತರು ಬಂದು ಹೋದರು ಅನ್ನುವುದಕ್ಕೆ: ತೋನಾಮಿ ಎ ಪಾಸೆ.

ನೀವು ‘ಇಯೆರ್, ಜೆತೆ ಅಲೆ ಒ ಮಾರ್ಶೆ’ ಎಂದು ಹೇಳಿ ಸುಮ್ಮನಾದರೆ ಕೇಳುವ ಫ್ರೆಂಚರು ಕಾಯುತ್ತಾ ನಿಲ್ಲುತ್ತಾರೆ. ‘ಹೋಗಿದ್ದೆ, ಅಷ್ಟರಲ್ಲಿ... ಏನಾಯಿತು?’ ಎಂದು. ಹೆಸರಿನಲ್ಲಿರುವ ‘ಅದಕ್ಕಿಂತ’ ಅವರ ತಲೆಯಲ್ಲಿ ಗಂಟೆ ಹೊಡೆಯುತ್ತದೆ. ಯಾವುದಕ್ಕಿಂತ ಮುಂಚೆ ಅನ್ನುವುದು ಸಿಗುವವರೆಗೂ ಅವರಿಗೆ ವಾಕ್ಯ ಅರ್ಧ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮಾತಾಡುವಾಗಲೂ ‘ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್ಡೇ’ ಅನ್ನುವುದು ಇದೇ ‘ಹೋಗಿದ್ದೆ’ಯಿಂದ. ಹಾಗಾಗಿ ಇಂಗ್ಲಿಷಿನ ಮೂಲಕ ಯೋಚಿಸಿದರೂ ತಪ್ಪು ಹಾಗೇ ಉಳಿಯುತ್ತದೆ.

ಇದಕ್ಕೆ ನಾನು ತರಗತಿಯಲ್ಲಿ ಹೇಳಿಕೊಡುವ ಪರೀಕ್ಷೆ ಒಂದಿದೆ. ನಿಮ್ಮ ಕನ್ನಡ ವಾಕ್ಯದಲ್ಲಿ ‘ಅಷ್ಟೊತ್ತಿಗಾಗಲೇ’ ಸೇರಿಸಿ. ‘ನಾನು ಬಂದಾಗ ಅಷ್ಟೊತ್ತಿಗಾಗಲೇ ರೈಲು ಹೊರಟಿತ್ತು.’ ಸರಾಗವಾಗಿ ಕೂತಿತು, ನೀವು ಹೇಳಬೇಕೆಂದಿದ್ದೂ ಅದೇ. ಅಲ್ಲಿ ಪ್ಲ್ಯೂಸ್-ಕ-ಪರ್ಫೆ ಹಾಕಿ. ‘ನಿನ್ನೆ ಅಷ್ಟೊತ್ತಿಗಾಗಲೇ ಮಾರ್ಕೆಟ್ಟಿಗೆ ಹೋಗಿದ್ದೆ.’ ಯಾವ ಹೊತ್ತಿಗೆ? ಅರ್ಥವೇ ಬದಲಾಯಿತು, ಅಲ್ವಾ? ಹಾಗಿದ್ದರೆ ಪಾಸೆ ಕೊಂಪೋಜೆ. ‘ಹೋದ ವರ್ಷ ಫ್ರಾನ್ಸಿಗೆ ಹೋಗಿದ್ದೆವು’, ‘ಬೆಳಿಗ್ಗೆ ನಿಮಗೆ ಫೋನ್ ಮಾಡಿದ್ದೆ’, ‘ಭಾನುವಾರ ಸಿನಿಮಾ ನೋಡಿದ್ದೆ’ ಇವನ್ನೆಲ್ಲ ಹೀಗೇ ಪರೀಕ್ಷೆ ಮಾಡಿ ನೋಡಿ. ಬಹುತೇಕ ಯಾವಾಗಲೂ ಪಾಸೆ ಕೊಂಪೋಜೆಯೇ ಬರುತ್ತದೆ.

ಇದರ ಉಲ್ಟಾ ತಪ್ಪೂ ಇದೆ. ಕನ್ನಡದಲ್ಲಿ ‘ಇದ್ದ’ ಇಲ್ಲದೆ, ಫ್ರೆಂಚಿನಲ್ಲಿ ಮಾತ್ರ ಪ್ಲ್ಯೂಸ್-ಕ-ಪರ್ಫೆ ಬೇಕಾಗುವ ಜಾಗಗಳು. ಮುಖ್ಯವಾದದ್ದು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವಾಗ. ನಮ್ಮ ‘ಅಂತ’ ಒಂದು ದೊಡ್ಡ ವರ. ‘ಕೆಲಸ ಮುಗಿಸಿದೆ ಅಂತ ಹೇಳಿದ.’ ಅವನು ಹೇಳಿದ್ದನ್ನು ಹಾಗೇ ಎತ್ತಿಕೊಂಡು ಬಂದು ‘ಅಂತ’ ಹಾಕಿದರೆ ಮುಗಿಯಿತು. ಫ್ರೆಂಚ್ ಅಷ್ಟು ಉದಾರಿ ಅಲ್ಲ. ಅವನು ‘ಜೆ ಫಿನಿ’ ಅಂದಿದ್ದನ್ನು ನಾವು ಹೇಳುವಾಗ ‘ಇಲ್ ಆ ದಿ ಕಿಲ್ ಅವೆ ಫಿನಿ’ ಆಗಬೇಕು. ಹೇಳಿದ್ದು ಭೂತಕಾಲ, ಮುಗಿಸಿದ್ದು ಅದಕ್ಕಿಂತ ಮೊದಲು. ‘ಹೇಳಿದ, ಕೇಳಿದ, ಅಂದುಕೊಂಡ, ಗೊತ್ತಾಯಿತು’ ಇವುಗಳ ಮುಂದೆ ‘ಅಂತ’ದ ಜಾಗದ ‘ಕ’ ಬಂದ ಕೂಡಲೇ ಒಮ್ಮೆ ನಿಂತು ಯೋಚಿಸಿ.

ಇನ್ನೊಂದು, ಪದೇ ಪದೇ ನಡೆಯುತ್ತಿದ್ದದ್ದು. ‘ಕೆಲಸ ಮುಗಿದ ಮೇಲೆ ಹೊರಗೆ ಹೋಗುತ್ತಿದ್ದ’ ಅನ್ನುವುದಕ್ಕೆ: ಕಾಂತಿಲ್ ಅವೆ ಫಿನಿ ಸೋಂ ತ್ರಾವಾಯ್, ಇಲ್ ಸೋರ್ತೆ. ನಮಗೆ ‘ಮೇಲೆ’ ಸಾಕು, ಅವರಿಗೆ ಕಾಲ ಬದಲಾಗಬೇಕು.

ಖುಷಿ ಕೊಡುವ ಕಡೆಗೆ ಬರೋಣ, ಎರಡೂ ಭಾಷೆ ಕೈ ಹಿಡಿದುಕೊಂಡು ನಡೆಯುವ ಕಡೆಗೆ. ‘ಹೇಳಿದ್ದರೆ ಬರುತ್ತಿದ್ದೆ.’ ಆ ‘ಹೇಳಿದ್ದರೆ’ಯೊಳಗೆ ಇರುವುದೂ ಅದೇ ‘ಇದ್ದ’. ನಡೆಯದೇ ಹೋದದ್ದನ್ನು ನಡೆದಿದ್ದರೆ ಎಂದು ಊಹಿಸಲು ನಾವು ‘ಇದ್ದ’ವನ್ನು ಕರೆಯುತ್ತೇವೆ. ಫ್ರೆಂಚ್ ಪ್ಲ್ಯೂಸ್-ಕ-ಪರ್ಫೆಯನ್ನು ಕರೆಯುತ್ತದೆ: ಸಿ ತ್ಯು ಮ ಲಾವೆ ದಿ, ಜ ಸರೆ ವನ್ಯು. ಇಲ್ಲಿ ‘ಸಿ’ (ಅಂದರೆ ‘ಆದರೆ, ಇದ್ದರೆ’ ಎಂಬ ಷರತ್ತು) ಇರುವ ಭಾಗದಲ್ಲಿ, ‘ಸರೆ’ಯ ಕೊನೆಗಿರುವ ಫ್ರೆಂಚ್ ‘ರೆ’ ಹಾಕುವ ತಪ್ಪು ಮಾಡಬೇಡಿ. ಫ್ರಾನ್ಸಿನ ಶಾಲೆಗಳಲ್ಲಿ ಮಕ್ಕಳಿಗೆ ‘ಲೆ ಸಿ ನೆಮ್ ಪಾ ಲೆ ರೆ’ ಎಂದು ಕಲಿಸುತ್ತಾರೆ. ಸಿ-ಗಳಿಗೆ ರೆ-ಗಳನ್ನು ಕಂಡರೆ ಆಗುವುದಿಲ್ಲ ಅಂತ. ಮುಂದಿನ ಭಾಗ ಬಿಟ್ಟು ಬರೀ ‘ಸಿ ಜಾವೆ ಸ್ಯು!’ ಎಂದು ನಿಟ್ಟುಸಿರು ಬಿಡುವುದೂ ಉಂಟು. ‘ಮೊದಲೇ ಗೊತ್ತಾಗಿದ್ದರೆ!’ ಎಂದು ನಾವು ಬಿಡುವ ಹಾಗೇ.

‘ನಾನು ಹೇಳಿದ್ದೆ ಅಲ್ವಾ!’ ಎಂಬ ಅಮ್ಮಂದಿರ ಮಾತು ಫ್ರೆಂಚಿನಲ್ಲಿ ‘ಜ ತ ಲಾವೆ ಬ್ಯಾಂ ದಿ!’ ಆಗುತ್ತದೆ. ಕಾಲ ಅದೇ, ದನಿ ಕೂಡ ಅದೇ. ಇನ್ನೊಂದು ನನಗೆ ಬಹಳ ಪ್ರಿಯವಾದದ್ದು. ಯಾರ ಮನೆಗೋ ಹೋಗಿ ಸಹಾಯ ಕೇಳಬೇಕು, ಸಂಕೋಚ. ‘ಒಂದು ಸಹಾಯ ಕೇಳೋಣ ಅಂತ ಬಂದಿದ್ದೆ’ ಅನ್ನುತ್ತೇವೆ. ಬಂದು ಎದುರಿಗೇ ನಿಂತಿದ್ದೇವೆ, ಆದರೂ ‘ಬಂದಿದ್ದೇನೆ’ ಅನ್ನುವುದಿಲ್ಲ. ಮಾತನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಅದು ಮೆತ್ತಗಾಗುತ್ತದೆ. ಫ್ರೆಂಚರು ಕೂಡ ಬಾಗಿಲಲ್ಲಿ ನಿಂತು ಹೀಗೇ ಹೇಳುತ್ತಾರೆ: ಜೆತೆ ವನ್ಯು ವೂ ದಮಾಂದೆ ಅಂ ಪತಿ ಸೆರ್ವಿಸ್. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳಲ್ಲಿ ಒಂದೇ ನಾಚಿಕೆ, ಒಂದೇ ವ್ಯಾಕರಣ. ಇದನ್ನು ಮೊದಲ ಸಲ ಗಮನಿಸಿದ ದಿನ ನನಗೆ ಆದ ಸಂತೋಷ ಇವತ್ತಿಗೂ ಇಳಿದಿಲ್ಲ.

ಇನ್ನು ನೀವು ಕಳಿಸಿದ ನಾಲ್ಕು ವಾಕ್ಯಗಳು. ನೀವು ಬರೆದಿದ್ದು ಹೀಗಿದೆ:

ಇಯೆರ್, ಜೆತೆ ಅಲೆ ಒ ಮಾರ್ಶೆ. ಜಾವೆ ಅಶ್ತೆ ದೆ ಲೆಗ್ಯುಮ್. ಕಾಂ ಜೆತೆ ರಾಂತ್ರೆ, ಮಾ ಮೆರ್ ಎತೆ ದೆಜ ಪಾರ್ತಿ. ಎಲ್ ಮಾ ದಿ ಒ ತೆಲೆಫೋನ್ ಕೆಲ್ ಆ ಲೆಸೆ ಲಾ ಕ್ಲೆ ಶೆ ಲಾ ವ್ವಾಜಿನ್.

ನಿನ್ನೆ ಮಾರ್ಕೆಟ್ಟಿಗೆ ಹೋಗಿದ್ದು, ತರಕಾರಿ ತಂದಿದ್ದು, ವಾಪಸ್ ಬಂದಿದ್ದು, ಇವು ಮೂರೂ ಕಥೆಯ ಮೆಟ್ಟಿಲುಗಳು, ಒಂದಾದ ಮೇಲೆ ಒಂದು. ಮೂರಕ್ಕೂ ಪಾಸೆ ಕೊಂಪೋಜೆ. ಅಮ್ಮ ಹೊರಟದ್ದು ನೀವು ಬರುವುದಕ್ಕೆ ಮೊದಲು. ಅಲ್ಲಿ ನೀವು ಸರಿಯಾಗಿಯೇ ಹಾಕಿದ್ದೀರಿ, ‘ದೆಜಾ’ ಕೂಡ ಸರಿಯಾದ ಜಾಗದಲ್ಲಿದೆ. ನೀವು ‘ದೆಜ’ ಅಂದದ್ದನ್ನು ‘ದೆಜಾ’ ಎಂದು ಎಳೆದು ಹೇಳಿ, ಅಷ್ಟೇ. ಅಮ್ಮ ಸ್ತ್ರೀಲಿಂಗ, ಹಾಗಾಗಿ ಪಾರ್ತಿ ಕೊನೆಯಲ್ಲಿ ‘ಇ’ ಬರೆಯಲು ಮರೆಯಬೇಡಿ. ಫೋನಿನಲ್ಲಿ ಹೇಳಿದ್ದು ಪಾಸೆ ಕೊಂಪೋಜೆ, ಅದು ಸರಿ. ಬೀಗದ ಕೈ ಪಕ್ಕದ ಮನೆಯಲ್ಲಿ ಬಿಟ್ಟದ್ದು ಆ ಫೋನಿಗಿಂತ ಮೊದಲು. ‘ಬಿಟ್ಟಿದ್ದೇನೆ ಅಂತ ಹೇಳಿದರು’ ಅನ್ನುವ ಕನ್ನಡ ನಿಮ್ಮನ್ನು ಅಲ್ಲಿ ದಾರಿ ತಪ್ಪಿಸಿದೆ. ತಿದ್ದಿದ ಮೇಲೆ:

ಇಯೆರ್, ಜ ಸ್ವಿ ಅಲೆ ಒ ಮಾರ್ಶೆ. ಜೆ ಅಶ್ತೆ ದೆ ಲೆಗ್ಯುಮ್. ಕಾಂ ಜ ಸ್ವಿ ರಾಂತ್ರೆ, ಮಾ ಮೆರ್ ಎತೆ ದೆಜಾ ಪಾರ್ತಿ. ಎಲ್ ಮಾ ದಿ ಒ ತೆಲೆಫೋನ್ ಕೆಲ್ ಅವೆ ಲೆಸೆ ಲಾ ಕ್ಲೆ ಶೆ ಲಾ ವ್ವಾಜಿನ್.

ನಾಲ್ಕು ವಾಕ್ಯದಲ್ಲಿ ಎರಡೇ ಪ್ಲ್ಯೂಸ್-ಕ-ಪರ್ಫೆ. ಬಿ1 ಬರವಣಿಗೆಯಲ್ಲಿ ಕನಿಷ್ಠ 160 ಪದ ಕೇಳುತ್ತಾರೆ. ಅಷ್ಟರಲ್ಲಿ ಸರಿಯಾದ ಜಾಗದಲ್ಲಿ ಎರಡೋ ಮೂರೋ ಬಂದರೆ ಧಾರಾಳ. ಈಗ ಐದನೇ ವಾಕ್ಯ ನೀವೇ ಬರೆಯಿರಿ. ‘ಅಮ್ಮ ಬಿಟ್ಟಿದ್ದ ಬೀಗದ ಕೈಯನ್ನು ಪಕ್ಕದ ಮನೆಯವರು ಕೊಟ್ಟರು.’ ಬೀಗದ ಕೈ ಫ್ರೆಂಚಿನಲ್ಲಿ ಸ್ತ್ರೀಲಿಂಗ, ಇಲ್ಲಿ ಅದು ಕ್ರಿಯಾಪದಕ್ಕಿಂತ ಮುಂಚೆ ಬರುತ್ತದೆ. ‘ಲೆಸೆ’ ಕೊನೆಯಲ್ಲಿ ಏನು ಸೇರಬೇಕು ಎಂದು ನೋಡಿ ನನಗೆ ಬರೆದು ಕಳಿಸಿ.